ಹಾರ್ನ್ ಸ್ಪೀಕರಿನಲ್ಲಿ ಬೇಸ್ ಇಲ್ಲ ಅಂದಿರಲ್ಲ, ಅದಕ್ಕೆ

ನಾಲ್ಕಿಂಚಿನ ಫುಲ್ ರೇಂಜ್ ಡ್ರೈವರ್ (ತಗ್ಗು, ಎತ್ತರದ ಸದ್ದೆಲ್ಲವನ್ನೂ ಒಂದೇ ನುಡಿಸುವ ಸ್ಪೀಕರ್) ಹಾಕಿ ಬ್ಯಾಕ್ ಲೋಡೆಡ್ ಹಾರ್ನ್ (ಡ್ರೈವರಿನ ಬೆನ್ನ ಸದ್ದನ್ನು ಅಗಲವಾಗುತ್ತಾ ಹೋಗುವ ಉದ್ದದ ದಾರಿಯಲ್ಲಿ ಹೊರಬಿಡುವ ಪೆಟ್ಟಿಗೆ) ಮಾಡಿದ್ದೀರಿ, ಗೋಡೆಯಿಂದ ಮೂರಡಿ ಮುಂದೆ ಇಟ್ಟಿದ್ದೀರಿ, ಬೇಸೇ (ತಗ್ಗಿನ ಸದ್ದೇ) ಬರ್ತಿಲ್ಲ, ಅಲ್ವಾ? ಪೆಟ್ಟಿಗೆ ಬಿಚ್ಚೋಕೆ ಹೋಗಬೇಡಿ ಸಾರ್. ಮೊದಲು ಎರಡೂ ಸ್ಪೀಕರುಗಳನ್ನು ಒಂದೊಂದು ಮೂಲೆಗೆ ತಳ್ಳಿ ನೋಡಿ.

ಬೇಸಿನ 40 ಹರ್ಟ್ಸ್ ಅಲೆಯ ಉದ್ದ ಸುಮಾರು 8.6 ಮೀಟರ್. ಹಾರ್ನಿಗೆ ಅದಕ್ಕೆ ತಕ್ಕಷ್ಟು ದೊಡ್ಡ ಬಾಯಿ (ಸದ್ದು ಹೊರಬರುವ ಕಿಂಡಿ) ಮಾಡಿದರೆ ಕೋಣೆಯಲ್ಲಿ ನಮಗೇ ಜಾಗ ಇರಲ್ಲ! ಹಾಗಾಗಿ ನೆಲ, ಎರಡು ಗೋಡೆ ಸೇರಿ ಹಾರ್ನನ್ನು ಮುಂದುವರಿಸಬೇಕು. ಅಮೆರಿಕದ ಸ್ಪೀಕರ್ ತಯಾರಕ ಪಾಲ್ ಕ್ಲಿಪ್ಶ್ 1940ರ ದಶಕದಲ್ಲೇ ಮೂಲೆಯನ್ನು ಹೀಗೆ ದುಡಿಸಿಕೊಂಡಿದ್ದರು.

ಬಾಯಿ ಹಿಂದಕ್ಕಿದ್ದರೆ ಗೋಡೆಗೆ ಅಂಟಿಸಬೇಡಿ. ಒಂದು ಗೇಣು ಬಿಟ್ಟು ಶುರು ಮಾಡಿ, ಇಂಚಿಂಚೇ ಸರಿಸುತ್ತಾ ಮೃದಂಗ ಕೇಳಿ. ಎಡಗೈ ಪೆಟ್ಟು ಗುಂಯ್ ಅಂತ ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳಿಸಿದ ಕಡೆ ನಿಲ್ಲಿಸಿ.

ಅದಕ್ಕೂ ಮೊದಲು ಒಂದು ಸ್ಪೀಕರಿನ ಪ್ಲಸ್ ಮೈನಸ್ ತಂತಿ ತಿರುಗುಮುರುಗಾಗಿದೆಯಾ ನೋಡಿ. ಹಾಗಾದರೂ ಬೇಸ್ ಮಾಯ.

ಆಮೇಲೂ ಆಗದಿದ್ದರೆ ಒಳಗೆ ಗಾಳಿ ಸೋರುತ್ತಿರಬಹುದು. ನನ್ನ ಮೊದಲ ಜೋಡಿಯಲ್ಲಿ ಒಳಗಿನ ಒಂದು ಹಲಗೆಗೆ ಅಂಟು ಸರಿಯಾಗಿ ಹಿಡಿದಿರಲಿಲ್ಲ. ಗಾಳಿ ಉದ್ದದ ದಾರಿ ಬಿಟ್ಟು ಆ ಸಂದಿಯಲ್ಲೇ ನುಸುಳುತ್ತಿತ್ತು. ಪಕ್ಕದ ಹಲಗೆ ಬಿಚ್ಚಿದ ಮೇಲಷ್ಟೇ ಗೊತ್ತಾಗಿದ್ದು. ನಿಮ್ಮದರ ಬಾಯಿ ಮುಂದಿದೆಯೋ ಹಿಂದಿದೆಯೋ, ಫೋಟೊ ಹಾಕಿ.