ಮೂರು ಚುಕ್ಕಿಗೆ ಎರಡೂವರೆ ಪುಟ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ನಿವೃತ್ತ ಶಿಕ್ಷಕ ಎಂದು ನೀವೇ ಬರೆದುಕೊಂಡಿರುವುದರಿಂದ ಮೇಷ್ಟ್ರೇ ಎಂದು ಕರೆಯುವ ಸಲಿಗೆ ಮಾತ್ರ ತೆಗೆದುಕೊಂಡಿದ್ದೇನೆ.

ಬೇರೆ ಓದುಗರಿಗಾಗಿ ನಿಮ್ಮ ದೂರನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಯಲ್ಲಿ ಹಾಕುತ್ತಿರುವ ಹದಿಹರೆಯದ ಪ್ರೇಮ ಧಾರಾವಾಹಿಯಲ್ಲಿ ಹನ್ನೊಂದು ವಾರ ಕಳೆದರೂ ಏನೂ ಆಗಿಲ್ಲ. ಇಬ್ಬರೂ ಕೊನೆಗೆ ಒಂದಾಗುತ್ತಾರೆ ಎನ್ನುವುದು ಮೊದಲ ಕಂತಿನಲ್ಲೇ ಗೊತ್ತಾಗಿದೆ. ನಿಮ್ಮ ಹದಿನಾರರ ಮೊಮ್ಮಗಳು ಇದನ್ನು ಹಿಡಿದು ಕೂತರೆ ಗಟ್ಟಿ ಸಾಹಿತ್ಯದ ಕಡೆ ತಿರುಗಿಯೂ ನೋಡುವುದಿಲ್ಲ. ಒಂಬತ್ತನೇ ಕಂತಂತೂ "ಫೋನಿನಲ್ಲಿ ಮೂಡಿದ ಮೂರು ಚುಕ್ಕಿಗೆ ದಂಡವಾದ ಎರಡೂವರೆ ಪುಟ".

ಏನೂ ಆಗಿಲ್ಲ ಎನ್ನುವವರು ಒಂದು ಕಂತನ್ನೂ ಬಿಟ್ಟಿಲ್ಲವಲ್ಲ ಮೇಷ್ಟ್ರೇ! ಇರಲಿ, ಅದನ್ನೇ ಹಿಡಿದು ವಾದ ಮಾಡುವುದಿಲ್ಲ.

ಆ ಮೂರು ಚುಕ್ಕಿಯಿಂದಲೇ ಶುರು ಮಾಡೋಣ. ಕಥೆ ಇಷ್ಟು: ಕಾಲೇಜಿನ ನಾಟಕದಲ್ಲಿ ಈ ಇಬ್ಬರು ಪ್ರೇಮಿಗಳ ಪಾತ್ರ ಮಾಡಬೇಕು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುವುದಿಲ್ಲ. ಹಾಗಂತ ಅವರು ಅಂದುಕೊಂಡಿದ್ದಾರೆ. ಒಂದು ರಾತ್ರಿ ಹುಡುಗಿ "ನಾಳೆ ರಿಹರ್ಸಲ್‌ಗೆ ಬೇಗ ಬರ್ತೀಯಾ?" ಎಂದು ಮೆಸೇಜ್ ಕಳಿಸುತ್ತಾಳೆ. ಇಷ್ಟು ಬರೆಯಲು ಐದು ಸಲ ಅಳಿಸಿದ್ದಾಳೆ. ಮೊದಲು ‘ಪ್ಲೀಸ್’ ಇತ್ತು, ತೆಗೆದಳು. ನಗುವ ಮುಖ ಹಾಕಿದಳು, ಜಾಸ್ತಿಯಾಯಿತು ಅನ್ನಿಸಿತು. ಕಳಿಸಿದ ಮೇಲೆ, ಅವನು ಏನೋ ಟೈಪ್ ಮಾಡುತ್ತಿದ್ದಾನೆ ಎಂದು ತೋರಿಸುವ ಆ ಮೂರು ಚುಕ್ಕಿಗಳು ಕುಣಿಯುತ್ತವೆ. ನಿಲ್ಲುತ್ತವೆ. ಮತ್ತೆ ಕುಣಿಯುತ್ತವೆ. ಆ ಎರಡು ನಿಮಿಷದಲ್ಲಿ ಅವಳು ನಾಟಕ ಬಿಟ್ಟು, ಕಾಲೇಜು ಬದಲಿಸಿ, ಹೊಸ ನಂಬರ್ ತೆಗೆದುಕೊಳ್ಳುವ ತನಕ ಯೋಚಿಸಿ ಆಗಿರುತ್ತದೆ. ಕೊನೆಗೆ ಬಂದದ್ದು "ಹ್ಞೂಂ" ಅಷ್ಟೇ. ಫೋನನ್ನು ದಿಂಬಿನ ಕೆಳಗೆ ತುರುಕುತ್ತಾಳೆ. ಮತ್ತೆ ತೆಗೆದು ನೋಡುತ್ತಾಳೆ, ಹ್ಞೂಂ ಅಲ್ಲೇ ಇದೆಯಾ ಅಂತ.

ನೀವು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದ್ದಾಗಿ ಬರೆದಿರುವ ಶಾಕುಂತಲವನ್ನೇ ಈಗ ತೆಗೆದು ನೋಡಿ. ಮೊದಲ ಅಂಕದ ಕೊನೆಯಲ್ಲಿ ಶಕುಂತಲೆ ಹೊರಟವಳು ನಿಲ್ಲುತ್ತಾಳೆ. ಕಾಲಿಗೆ ದರ್ಭೆ ಚುಚ್ಚಿತು ಅನ್ನುತ್ತಾಳೆ. ಉಟ್ಟ ನಾರುಬಟ್ಟೆ ಕೊಂಬೆಗೆ ಸಿಕ್ಕಿಕೊಂಡಿತು ಅನ್ನುತ್ತಾಳೆ. ಎಲ್ಲ ನೆಪ. ರಾಜನನ್ನು ಇನ್ನೊಂದು ಸಲ ನೋಡಬೇಕು, ಅಷ್ಟೇ. ಮೂರನೇ ಅಂಕದಲ್ಲಿ ಓಲೆ ಬರೆಯಮ್ಮ ಎಂದು ಗೆಳತಿ ಹುರಿದುಂಬಿಸಿದರೆ, ಅವನು ತಿರಸ್ಕರಿಸಿಬಿಟ್ಟರೆ ಎಂದು ನಡುಗುತ್ತಾಳೆ. ಆಮೇಲೆ ತಾವರೆ ಎಲೆಯ ಮೇಲೆ ಉಗುರಿನಲ್ಲಿ ಗೀಚುತ್ತಾಳೆ. ಗೀಚಿದ್ದನ್ನು ಗೆಳತಿಯರಿಗೆ ಓದಿ, ಸರಿಯಾಗಿದೆಯಾ ಎಂದು ಕೇಳುತ್ತಾಳೆ! ಮೆಸೇಜನ್ನು ಕಳಿಸುವ ಮೊದಲು ಗೆಳತಿಗೆ ತೋರಿಸುವ ನಮ್ಮ ನಾಯಕಿಯನ್ನು ಆರನೇ ಕಂತಿನಲ್ಲಿ ನೋಡಿದ್ದೀರಿ. "ಸ್ವಂತ ಬುದ್ಧಿ ಇಲ್ಲದವಳು" ಎಂದು ಬೈದೂ ಇದ್ದೀರಿ.

ಶಾಕುಂತಲದ ತೂಕ ಶಾಪದಲ್ಲಿದೆ, ಉಂಗುರದಲ್ಲಿದೆ ಎನ್ನುತ್ತೀರಿ. ಒಪ್ಪಿದೆ. ಆದರೆ ಆ ದರ್ಭೆಯ ಸುಳ್ಳಿಗೆ ನಾವು ನಕ್ಕಿರದಿದ್ದರೆ, ಐದನೇ ಅಂಕದಲ್ಲಿ ರಾಜ ನೀನ್ಯಾರೋ ಗೊತ್ತಿಲ್ಲ ಎಂದಾಗ ನಮ್ಮ ಹೊಟ್ಟೆಯಲ್ಲಿ ಅಷ್ಟು ಸಂಕಟ ಆಗುತ್ತಿತ್ತಾ?

ಇಂಥ ಕಾದಂಬರಿ ಬರೆಯುವುದು ಸುಲಭ ಎಂದು ತುಂಬ ಜನ ತಿಳಿದಿದ್ದಾರೆ. ಅವರ ಹಸ್ತಪ್ರತಿಗಳು ನನ್ನ ಮೇಜಿನ ಮೇಲಿವೆ. ಹುಡುಗಿ ಕನ್ನಡಿ ಮುಂದೆ ನಿಂತು ತನ್ನ ಕಣ್ಣನ್ನು ತಾನೇ ವರ್ಣಿಸಿಕೊಳ್ಳುತ್ತಾಳೆ. ಹದಿನೇಳರ ಹುಡುಗ ಐವತ್ತರ ಲೆಕ್ಚರರ್ ಥರ ಬದುಕಿನ ಬಗ್ಗೆ ಮಾತಾಡುತ್ತಾನೆ. ಆಗುತ್ತಿರುವುದು ಸಣ್ಣ ವಿಷಯ ಎಂದು ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು. ಪಾತ್ರಕ್ಕೆ ಮಾತ್ರ ಅದು ಆಕಾಶವೇ ಕಳಚಿ ಬಿದ್ದ ಹಾಗೆ. ಬರೆಯುವವರು ಆ ಪಾತ್ರದ ಪಕ್ಕದಲ್ಲಿ ಕೂರಬೇಕು. ಎದುರು ಕುರ್ಚಿಯಲ್ಲಿ ಕೂತು "ಪಾಪ, ಹುಡುಗರು" ಎಂದು ನಕ್ಕರೋ, ಕೆಟ್ಟಿತು. ಹದಿನಾರರವರು ಅದನ್ನು ಎರಡೇ ಪುಟದಲ್ಲಿ ಕಂಡುಹಿಡಿದು ಪುಸ್ತಕ ಮುಚ್ಚುತ್ತಾರೆ. ನಮ್ಮ ಲೇಖಕಿ ಪಕ್ಕದಲ್ಲಿ ಕೂತಿದ್ದಾರೆ. ಅದಕ್ಕೇ ಹಾಕಿದ್ದು.

ಇನ್ನು ಕೊನೆ ಗೊತ್ತು ಎಂಬ ಮಾತು. ಗೊತ್ತಿರಲಿ ಬಿಡಿ. 1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್‌ನ ‘ಮಚ್ ಅಡೋ ಅಬೌಟ್ ನಥಿಂಗ್’ನಲ್ಲಿ ಬೀಟ್ರಿಸ್, ಬೆನೆಡಿಕ್ ಬಾಯಿಗೆ ಬಾಯಿ ಕೊಟ್ಟು ಜಗಳ ಆಡುವಾಗಲೇ ಇವರಿಬ್ಬರೇ ಜೋಡಿ ಎಂದು ನೋಡುವವರಿಗೆ ತಿಳಿಯುತ್ತದೆ. ಅವರಿಗೆ ಯಾವಾಗ ತಿಳಿಯುತ್ತದೆ ಎಂದು ಕಾಯುವುದರಲ್ಲೇ ಮಜಾ.

ಆದರೆ ಹದಿಹರೆಯದ ಕಥೆಯಲ್ಲಿ ನೀವು ಅಂದುಕೊಂಡಷ್ಟು ಗ್ಯಾರಂಟಿಯೂ ಇಲ್ಲ. ಅಮೆರಿಕದ ಮೌರೀನ್ ಡೇಲಿ ಕಾಲೇಜಿನಲ್ಲಿ ಓದುತ್ತಿದ್ದಾಗ ಬರೆದ ‘ಸೆವೆಂಟೀನ್ತ್ ಸಮ್ಮರ್’ 1942ರಲ್ಲಿ ಬಂತು. ಈ ಬಗೆಯ ಕಾದಂಬರಿಗೆ ದಾರಿ ಮಾಡಿದ ಪುಸ್ತಕಗಳಲ್ಲಿ ಅದೂ ಒಂದು. ಅದರಲ್ಲಿ ಬೇಸಿಗೆ ಮುಗಿಯುತ್ತದೆ, ಹುಡುಗಿ ಕಾಲೇಜಿಗೆ ಹೊರಡುತ್ತಾಳೆ, ಇಬ್ಬರೂ ಬೇರೆಯಾಗುತ್ತಾರೆ. ದೊಡ್ಡವರ ಪ್ರೇಮಕಥೆಗೆ ‘ಶುಭಂ’ ಹಾಕಬಹುದು. ಹದಿನೇಳಕ್ಕೆ ‘ಸದ್ಯಕ್ಕೆ ಶುಭಂ’ ಎನ್ನುವುದೇ ನಿಜಕ್ಕೆ ಹತ್ತಿರ ಅಲ್ವಾ?

ಹುಡುಗರು ಕೆಡುತ್ತಾರೆ ಎಂಬ ಭಯವೂ ನಿಮ್ಮ ಪತ್ರದ ಅಂಚಿನಲ್ಲಿ ಇಣುಕುತ್ತಿದೆ. ಅಮೆರಿಕದ ಜೂಡಿ ಬ್ಲೂಮ್ 1975ರಲ್ಲಿ ‘ಫಾರೆವರ್’ ಬರೆದದ್ದು ಮಗಳ ಬೇಡಿಕೆಗೆ. ಅವಳು ಓದುತ್ತಿದ್ದ ಕಥೆಗಳಲ್ಲಿ ಪ್ರೀತಿಸಿ ಹತ್ತಿರವಾದ ಹುಡುಗ ಹುಡುಗಿಗೆ ಏನಾದರೊಂದು ಕೇಡು ಕಾದಿರುತ್ತಿತ್ತು. ಇಬ್ಬರು ಒಳ್ಳೆಯ ಹುಡುಗರು ಪ್ರೀತಿಸಿ, ಯಾರೂ ಸಾಯದೇ ಇರುವ ಕಥೆ ಬೇಕು ಎಂದಳಂತೆ. ಆ ಪುಸ್ತಕವನ್ನು ತೆಗೆಯಿರಿ ಎಂದು ಅಲ್ಲಿನ ಲೈಬ್ರರಿಗಳಿಗೆ ದೂರುಗಳು ಹೋದವು. ಅದೆಲ್ಲ ಇರಲಿ, ಮಗಳು ಕೇಳಿದ್ದು ನನಗೆ ನ್ಯಾಯ ಅನ್ನಿಸುತ್ತದೆ. ನಮ್ಮ ಧಾರಾವಾಹಿಯಲ್ಲಿ ಅಷ್ಟೆಲ್ಲ ಇಲ್ಲ. ಹನ್ನೊಂದು ವಾರಕ್ಕೆ ಒಂದು ಸಲ ಕೈ ತಾಗಿದೆ, ಅದೂ ಸ್ಕ್ರಿಪ್ಟ್ ಕೊಡುವಾಗ.

ಒಂದು ಕಡೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಏಳನೇ ಕಂತು. ಅವನು ಬೇರೆ ಹುಡುಗಿಯ ಜೊತೆ ಗೇಟಿನ ಹತ್ತಿರ ನಗುತ್ತಾ ನಿಂತದ್ದನ್ನು ನೋಡಿ ಇವಳು ಮಾತು ಬಿಡುತ್ತಾಳೆ. ಅವಳು ಅವನ ತಂಗಿ. "ಯಾರದು?" ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು, ಕೇಳದೆ ಕಥೆಯನ್ನು ಮೂರು ವಾರ ಎಳೆದದ್ದು ಸೋಮಾರಿತನ. ಅಡ್ಡಿ ಇವರ ಒಳಗೇ ಬೇಕಾದಷ್ಟಿತ್ತು: ಅವಳಿಗೆ ಸೋಲಲು ಇಷ್ಟವಿಲ್ಲ, ಅವನಿಗೆ ಬಾಯಿ ಬಿಡಲು ಭಯ. ಅಂಥದ್ದು ಇದ್ದಾಗ ತಂಗಿಯನ್ನು ಗೇಟಿಗೆ ತಂದು ನಿಲ್ಲಿಸಬೇಕಿರಲಿಲ್ಲ. ನಾನು ಆಗಲೇ ಲೇಖಕಿಗೆ ವಾಪಸ್ ಕಳಿಸಬೇಕಿತ್ತು. ಅಚ್ಚಿಗೆ ಹೋಗುವ ಗಡಿಬಿಡಿಯಲ್ಲಿ ಬಿಟ್ಟೆ. ತಪ್ಪು ನನ್ನದೇ. ಪುಸ್ತಕವಾಗುವಾಗ ಆ ಭಾಗ ಹೋಗುತ್ತದೆ.

ಮೊಮ್ಮಗಳನ್ನು ಗಟ್ಟಿ ಸಾಹಿತ್ಯಕ್ಕೆ ತಿರುಗಿಸುವ ಮದ್ದು ನನ್ನಲ್ಲಿಲ್ಲ. ಅವಳಿಗೆ ಶಾಕುಂತಲದ ಆ ಮೂರನೇ ಅಂಕವನ್ನು ಮಾತ್ರ ಕೊಟ್ಟು ನೋಡಿ. ಪಾಠದ ಥರ ಕೊಡಬೇಡಿ, ಸುಮ್ನೆ ಮೇಜಿನ ಮೇಲೆ ಬಿಟ್ಟು ಹೋಗಿ.

ಹಾಂ, ಎಂಟನೇ ಕಂತಿನಲ್ಲಿ ‘ಹೃದಯ’ ಹೋಗಿ ‘ಹ್ರುದಯ’ ಆಗಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಆ ಹಾಳೆಯನ್ನೇ ಹರಿದು ಪತ್ರದ ಜೊತೆ ಇಟ್ಟಿದ್ದೀರಿ. ಪ್ರೂಫ್ ನೋಡುವವರಿಗೆ ತೋರಿಸಿದೆ, ತಲೆ ಬಗ್ಗಿಸಿದರು. ಆದರೆ ಮೇಷ್ಟ್ರೇ, ಹಾಳೆ ಹರಿದದ್ದು ಮೊಮ್ಮಗಳಿಗೆ ಗೊತ್ತಾ? ಆ ಸಂಚಿಕೆಯ ಇನ್ನೊಂದು ಪ್ರತಿಯನ್ನು ನಿಮ್ಮ ಹೆಸರಿಗೆ ಇವತ್ತೇ ಅಂಚೆಗೆ ಹಾಕಿಸಿದ್ದೇನೆ. ಅವಳು ಹುಡುಕುವ ಮೊದಲೇ ಜಾಗದಲ್ಲಿ ಇಟ್ಟುಬಿಡಿ.