ಛತ್ರದಲ್ಲಿ ಬರೆಸಿದ ಬಾಕಿ

ಶಿವಮೊಗ್ಗದ ಓದುಗರೊಬ್ಬರ ಪತ್ರ: “ನನ್ನ ಜೊತೆ ಕೆಲಸ ಮಾಡುವ ಕ್ರೈಸ್ತ ಗೆಳೆಯರೊಬ್ಬರು, ‘ಒಳ್ಳೆ ಕೆಲಸ ಮಾಡಿ ಯಾರೂ ದೇವರ ಮುಂದೆ ಒಳ್ಳೆಯವರಾಗಲ್ಲ, ಎಲ್ಲ ಕೃಪೆ’ ಅಂತಾರೆ. ಹಾಗಿದ್ದರೆ ಒಳ್ಳೆಯವನಾಗಿ ಬದುಕೋದು ಯಾಕೆ? ನಾನು ಸುಳ್ಳು ಹೇಳಲ್ಲ, ಸಾಲ ಉಳಿಸಿಕೊಂಡಿಲ್ಲ, ಯಾರ ತಂಟೆಗೂ ಹೋಗಲ್ಲ. ಇಷ್ಟು ಸಾಲದಾ?”

ಸಂಪಾದಕರ ಉತ್ತರ:

ಇದನ್ನೇ ಹೋಲುವ ಪ್ರಶ್ನೆಯನ್ನು ಒಬ್ಬ ಯೇಸುವಿಗೇ ಕೇಳಿದ್ದ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯ ನೋಡಿ. ಓಡಿ ಬಂದು ಮೊಣಕಾಲೂರಿ, ‘ಒಳ್ಳೆಯ ಬೋಧಕನೇ, ನಿತ್ಯಜೀವ ಸಿಗೋಕೆ ನಾನೇನು ಮಾಡಬೇಕು?’ ಅಂತ ಶುರು ಮಾಡುತ್ತಾನೆ. ನನ್ನನ್ನು ಒಳ್ಳೆಯವನು ಅನ್ನೋದು ಯಾಕೆ, ಒಳ್ಳೆಯವನು ದೇವರೊಬ್ಬನೇ ಅಂತ ಯೇಸು ಅಲ್ಲೇ ತಡೆಯುತ್ತಾನೆ. ಆಜ್ಞೆಗಳನ್ನು ನೆನಪಿಸಿದರೆ, ಚಿಕ್ಕಂದಿನಿಂದ ಎಲ್ಲ ಪಾಲಿಸಿದ್ದೇನೆ ಅನ್ನುತ್ತಾನೆ ಬಂದವನು. ಯೇಸು ಬೈಯುವುದಿಲ್ಲ. ಪ್ರೀತಿಯಿಂದ ನೋಡಿದ ಅಂತಿದೆ. ಆಮೇಲೆ, ಇರೋದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಅಂದ. ಆಸ್ತಿ ಜಾಸ್ತಿ ಇತ್ತು. ಮುಖ ಸಪ್ಪೆ ಮಾಡಿಕೊಂಡು ಹೊರಟುಹೋದ.

ನಿಮ್ಮ ಗೆಳೆಯರ ಮಾತಿನ ಹಿಂದೆ, ಕ್ಯಾಥೊಲಿಕ್ ಸಭೆಯ ವಿರುದ್ಧ ಎದ್ದು ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಇದ್ದಾನೆ. ಒಳ್ಳೆ ಕೆಲಸ ಮನುಷ್ಯನನ್ನು ಒಳ್ಳೆಯವನಾಗಿ ಮಾಡಲ್ಲ, ಒಳ್ಳೆಯವನು ಒಳ್ಳೆ ಕೆಲಸ ಮಾಡುತ್ತಾನೆ ಅಂತ 1520ರಲ್ಲಿ ಬರೆದ. ತೋಟ ಮಾಡಿದವರಿಗೆ ಇದು ಬೇಗ ಹೊಳೆಯುತ್ತದೆ. ಸಿಹಿ ಹಣ್ಣು ಬಿಟ್ಟಿದ್ದಕ್ಕೆ ಯಾವ ಮಾವೂ ಕಸಿ ಮರ ಆಗಲ್ಲ. ಯಾರೋ ಮೊದಲೇ ಕಸಿ ಕಟ್ಟಿದ್ದರಿಂದ ಸಿಹಿ ಹಣ್ಣು ಬಿಡುತ್ತದೆ. ಆದರೆ ಹಣ್ಣೇ ಬಿಡದಿದ್ದರೆ? ಬೈಬಲ್ಲಿನಲ್ಲೇ ಇರುವ ಯಾಕೋಬನ ಪತ್ರ, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನುತ್ತದೆ. ಆ ಪತ್ರವನ್ನು ಲೂಥರ್ 1522ರಲ್ಲಿ ‘ಒಣಹುಲ್ಲಿನ ಪತ್ರ’ ಅಂದುಬಿಟ್ಟ. (ಅವನ ನಾಲಿಗೆಗೆ ಬೇಲಿ ಇರಲಿಲ್ಲ.) ಕೃಪೆಯೋ ಕ್ರಿಯೆಯೋ ಅನ್ನೋ ಈ ಜಗಳದ ಮುಖ್ಯ ಗಂಟು ಬಿಡಿಸಿ ಕ್ಯಾಥೊಲಿಕರೂ ಲೂಥರನ ಹಾದಿ ಹಿಡಿದ ಲೂಥರನ್ನರೂ ಸಹಿ ಹಾಕಿದ್ದು 1999ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ!

ನನ್ನನ್ನು ಚುಚ್ಚಿದ್ದು ನಿಮ್ಮ ಆ ಇನ್ನೊಂದು ಮಾತು: ‘ಯಾರ ತಂಟೆಗೂ ಹೋಗಲ್ಲ.’ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯಲ್ಲಿ ಯಾಜಕನೂ (ದೇವಾಲಯದ ಪುರೋಹಿತ) ಲೇವಿಯನೂ (ದೇವಾಲಯದ ಸೇವಕ) ಯಾರ ತಂಟೆಗೂ ಹೋಗಲಿಲ್ಲ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿ ಅದು. ಯೆರಿಕೋ ಸಮುದ್ರಮಟ್ಟಕ್ಕಿಂತಲೂ ಕೆಳಗಿರುವ ಊರು. ಕಳ್ಳರು ಒಬ್ಬನನ್ನು ಬಡಿದು, ಬಟ್ಟೆ ಸಮೇತ ಕಿತ್ತುಕೊಂಡು, ಅರೆಜೀವ ಮಾಡಿ ಹೋಗಿದ್ದಾರೆ. ಇವರಿಬ್ಬರೂ ನೋಡಿದರು, ರಸ್ತೆಯ ಆಚೆ ಬದಿ ಹಿಡಿದು ಹೋದರು. ಒಂದು ಏಟು ಹೊಡೆಯಲಿಲ್ಲ, ಒಂದು ಕಾಸು ಕದಿಯಲಿಲ್ಲ.

ಆಮೇಲೆ ಬಂದವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯರಿಗೂ ಬಳಕೆಯೇ ಇಲ್ಲದ ಕಾಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತಾನು ಇಳಿದು ಅವನನ್ನು ಕತ್ತೆ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ. ರಾತ್ರಿ ನೋಡಿಕೊಂಡ. ಬೆಳಗ್ಗೆ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಹಾಕಿದ. ಆಗ ಒಂದು ನಾಣ್ಯ ಅಂದರೆ ಆಳಿನ ಒಂದು ದಿನದ ಕೂಲಿ. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ನನಗೆ ಇಷ್ಟವಾಗೋದು ಈ ಬಾಕಿ ಲೆಕ್ಕ. ಎಷ್ಟಾಗುತ್ತೋ ಗೊತ್ತಿಲ್ಲದ ಬಿಲ್ಲಿಗೆ ಸುಮ್ನೆ ಒಪ್ಪಿಕೊಂಡ, ಅಲ್ವಾ?

ಯೇಸು ಈ ಕಥೆ ಹೇಳಿದ್ದು ಯೆಹೂದ್ಯ ಧರ್ಮಶಾಸ್ತ್ರ ಬಲ್ಲ ಒಬ್ಬ ಶಾಸ್ತ್ರಿಗೆ. ಅವನು ಕೇಳಿದ್ದು ‘ನನ್ನ ನೆರೆಯವನು ಯಾರು’ ಅಂತ. ಯೇಸು ಕಥೆ ಮುಗಿಸಿ, ಈ ಮೂವರಲ್ಲಿ ಯಾರು ಬಿದ್ದವನಿಗೆ ನೆರೆಯವನಾದ ಅಂತ ತಿರುಗಿಸಿ ಕೇಳಿದ. ‘ಕನಿಕರ ತೋರಿಸಿದವನು’ ಅಂತಾನೆ ಶಾಸ್ತ್ರಿ. ‘ಸಮಾರ್ಯದವನು’ ಅನ್ನೋ ಪದ ಅವನ ಬಾಯಿಂದ ಹೊರಡಲೇ ಇಲ್ಲ.

ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಒಂದು ಮಳೆಗಾಲದ ರಾತ್ರಿ ಬೈಕಿನಿಂದ ಬಿದ್ದವನೊಬ್ಬನನ್ನು ನೋಡಿ, ‘ಯಾರೋ 108ಕ್ಕೆ ಫೋನ್ ಮಾಡಿರ್ತಾರೆ’ ಅಂದುಕೊಂಡು ಮುಂದೆ ಹೋದವನು ನಾನು. ಅವನ ಹೆಡ್‌ಲೈಟ್ ಇನ್ನೂ ಉರಿಯುತ್ತಿತ್ತು.