ಎನರ್ಜಿಪ್ಲಸ್‌ನಲ್ಲಿ ನಕ್ಷೆಯನ್ನೇ ತಿರುಗಿಸಿ ಬರೆಯಬೇಕಾ, ನಾರ್ತ್ ಆಕ್ಸಿಸ್‌ನಲ್ಲಿ ಕೋನ ಕೊಟ್ಟರೆ ಸಾಕಾ?

ಎನರ್ಜಿಪ್ಲಸ್ ಅಂದರೆ ಕಟ್ಟಡದ ಬಿಸಿಲು, ಶಾಖ, ಗಾಳಿಯ ಲೆಕ್ಕ ಹಾಕುವ ಸಾಫ್ಟ್‌ವೇರ್. ನಾರ್ತ್ ಆಕ್ಸಿಸ್ ಅಂದರೆ ಇಡೀ ಕಟ್ಟಡ ಉತ್ತರದಿಂದ ಎಷ್ಟು ತಿರುಗಿದೆ ಅಂತ ಹೇಳುವ ಅದರ ಖಾನೆ. ನಿಮ್ಮ ಕಟ್ಟಡ 25 ಡಿಗ್ರಿ ವಾರೆಯಾಗಿದೆ, ಎರಡರಲ್ಲಿ ಯಾವ ದಾರಿ ಹೆಚ್ಚು ನಿಖರ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ತಪ್ಪು ಇದ್ದದ್ದು ಬೇರೆ ಕಡೆ.

ನನ್ನದು 30 ಮೀಟರ್ ಉದ್ದ, 12 ಮೀಟರ್ ಅಗಲದ ಒಂದಂತಸ್ತಿನ ಕಟ್ಟಡ. ಏಸಿ ಇಲ್ಲ, ಕಿಟಕಿ ಗಾಳಿಯಲ್ಲೇ ತಣ್ಣಗಿರಬೇಕು. ಮೊದಲು ಅದನ್ನು ಪೂರ್ವ-ಪಶ್ಚಿಮವಾಗಿ ನೇರಕ್ಕೆ ಬರೆದೆ. ಗಾಳಿಯ ಲೆಕ್ಕಕ್ಕೆ ಏರ್‌ಫ್ಲೋ ನೆಟ್‌ವರ್ಕ್ ಅನ್ನುವ ಭಾಗ ಸೇರಿಸಿದೆ. ಅದರಲ್ಲಿ ಕಟ್ಟಡದ ಉದ್ದನೆಯ ಅಕ್ಷ ಯಾವ ಕೋನದಲ್ಲಿದೆ ಅಂತ ಕೇಳುವ ಒಂದು ಖಾನೆ ಇದೆ. 90 ತುಂಬಿದೆ. ಆಗ ಅದು ಸರಿಯಾಗೇ ಇತ್ತು.

ಆಮೇಲೆ ಸೈಟಿನ ಅಳತೆ ಬಂತು. ಕಟ್ಟಡ 40 ಡಿಗ್ರಿ ತಿರುಗಿದೆ, ಗಡಿಯಾರದ ಮುಳ್ಳು ಹೋಗುವ ಕಡೆಗೆ. ನಾರ್ತ್ ಆಕ್ಸಿಸ್‌ನಲ್ಲಿ 40 ಹಾಕಿ ಓಡಿಸಿದೆ. ವರದಿಯ ಕೋಷ್ಟಕದಲ್ಲಿ ದಕ್ಷಿಣದ ಗೋಡೆ ಮುಖ ಮಾಡಿದ ಕೋನ 180 ಡಿಗ್ರಿ ಇದ್ದದ್ದು 220 ಆಗಿತ್ತು. ಬಿಸಿಲು ಬೀಳುವ ಹೊತ್ತೂ ಬದಲಾಗಿತ್ತು. ಮುಗೀತು ಅಂದುಕೊಂಡೆ.

ಮುಗಿದಿರಲಿಲ್ಲ. ಆ 90 ಹಾಗೇ ಕೂತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಜಾರುವುದು ಇಲ್ಲೇ. ಗೋಡೆ ಮೇಲಿನ ಗಾಳಿಯ ಒತ್ತಡವನ್ನು ಸಾಫ್ಟ್‌ವೇರೇ ಲೆಕ್ಕ ಹಾಕಲಿ ಅಂತ ಬಿಟ್ಟರೆ, ಕಡಿಮೆ ಎತ್ತರದ ಕಟ್ಟಡಕ್ಕೆ ಅದು ಸ್ವಾಮಿ ಮತ್ತು ಚಂದ್ರ ಅನ್ನುವ ಸಂಶೋಧಕರ 1988ರ ಸೂತ್ರ ಹಿಡಿಯುತ್ತದೆ. ಆ ಸೂತ್ರಕ್ಕೆ ನಿಮ್ಮ ನಕ್ಷೆ ಗೊತ್ತಿಲ್ಲ. ಅದು ನೋಡುವುದು ಒಂದು ಸಾದಾ ಪೆಟ್ಟಿಗೆಯನ್ನು. ಆ ಪೆಟ್ಟಿಗೆಯ ಉದ್ದ ಯಾವ ಕಡೆಗಿದೆ ಅಂತ ಹೇಳುವುದು ಆ ಖಾನೆ, ಅದೂ ನಿಜವಾದ ಉತ್ತರದಿಂದ ಅಳೆದು. ನಾರ್ತ್ ಆಕ್ಸಿಸ್ ಬದಲಾಯಿಸಿದರೆ ಆ ಸಂಖ್ಯೆ ತಾನಾಗಿ ಬದಲಾಗಲ್ಲ. 90ಕ್ಕೆ 40 ಕೂಡಿಸಿ ನಾನೇ 130 ಅಂತ ಬರೆಯಬೇಕಿತ್ತು. ಬರೆಯಲಿಲ್ಲ. ಹಾಗಾಗಿ ಬಿಸಿಲಿಗೆ ಕಟ್ಟಡ ತಿರುಗಿತ್ತು, ಗಾಳಿಗೆ ತಿರುಗಿರಲಿಲ್ಲ. ಒಂದೇ ಕಡತದಲ್ಲಿ ಎರಡು ಉತ್ತರ! (ಉತ್ತರ ದಿಕ್ಕೂ ಎರಡು, ಫಲಿತಾಂಶವೂ ಎರಡು.)

ನನ್ನ ಜಾಗದಲ್ಲಿ ಗಾಳಿ ಜಾಸ್ತಿ ಬೀಸುವುದು 220 ಡಿಗ್ರಿ ಕಡೆಯಿಂದ. ಅಂದರೆ ಅದು ಉದ್ದದ ಗೋಡೆಗೆ ಎದುರಾಗಿ ಬಡಿಯಬೇಕು, ಪಕ್ಕದ ಗಿಡ್ಡ ಗೋಡೆಗಳನ್ನು ಸವರಿಕೊಂಡು ಹೋಗಬೇಕು. ಸವರಿಕೊಂಡು ಹೋಗುವ ಗಾಳಿ ಕಿಟಕಿಯಿಂದ ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ನನ್ನ ಮಾದರಿಯಲ್ಲಿ ಪಶ್ಚಿಮದ ಗಿಡ್ಡ ಗೋಡೆಗೂ ಅದೇ ಗಾಳಿ ಓರೆಯಾಗಿ ಬಡಿದು, ಆ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು! ಆ ವರದಿ ನಂಬಿ ಆರ್ಕಿಟೆಕ್ಟ್ ಆ ಕಿಟಕಿಯನ್ನು ದೊಡ್ಡದು ಮಾಡಿ ನಕ್ಷೆ ತಿದ್ದಿದ್ದರು. ಮತ್ತೆ ಹಳೆಯದಕ್ಕೆ ತರಿಸಬೇಕಾದರೆ ಕೂತು ಕ್ಷಮೆ ಕೇಳಿದ್ದು ನಾನು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಖರತೆಯ ಮಾತೇ ಇಲ್ಲಿ ಬರಲ್ಲ, ಎರಡೂ ದಾರಿಯಲ್ಲಿ ಬಿಸಿಲಿನ ಲೆಕ್ಕ ಒಂದೇ. ನಕ್ಷೆ ತಿರುಗಿಸಿ ಬರೆಯಬೇಡಿ, ಸುಮ್ನೆ ಕಷ್ಟ. ಗೋಡೆ ತಿದ್ದುವಾಗ ಪ್ರತಿ ಮೂಲೆಗೂ ದಶಾಂಶ ಸಂಖ್ಯೆ ಬರುತ್ತದೆ, ಕಣ್ಣಿಗೆ ತಪ್ಪೇ ಕಾಣಲ್ಲ. ನೇರಕ್ಕೆ ಬರೆದು ನಾರ್ತ್ ಆಕ್ಸಿಸ್ ಕೊಡಿ. ಗಡಿಯಾರದ ಕಡೆಗೆ ತಿರುಗಿದ್ದರೆ ಪ್ಲಸ್. ಆದರೆ ಕೋಆರ್ಡಿನೇಟ್ ಸಿಸ್ಟಮ್ (ಮೂಲೆಗಳ ಸ್ಥಾನವನ್ನು ಯಾವುದಕ್ಕೆ ಹೋಲಿಸಿ ಕೊಟ್ಟಿದ್ದೀರಿ ಅಂತ ಹೇಳುವ ಖಾನೆ) ‘ರಿಲೇಟಿವ್’ ಇರಬೇಕು. ‘ವರ್ಲ್ಡ್’ ಇದ್ದರೆ ನೀವು ಕೊಟ್ಟ ಕೋನವನ್ನು ಅದು ಲೆಕ್ಕಕ್ಕೇ ತಗೊಳ್ಳಲ್ಲ. ಒತ್ತಡದ ಗುಣಾಂಕ (ಗಾಳಿ ಗೋಡೆಯನ್ನು ಎಷ್ಟು ಒತ್ತುತ್ತದೆ ಅನ್ನುವ ಸಂಖ್ಯೆ) ನೀವೇ ಕೊಡುತ್ತಿದ್ದರೆ ಉದ್ದನೆ ಅಕ್ಷದ ಗೋಜಿಲ್ಲ, ಆದರೆ ಗಾಳಿಯ ಕೋನ ‘ಆಬ್ಸಲ್ಯೂಟ್’ (ಉತ್ತರದಿಂದ ಅಳೆದದ್ದು) ಇದೆಯಾ ‘ರಿಲೇಟಿವ್’ (ಗೋಡೆಯ ಮುಖದಿಂದ ಅಳೆದದ್ದು) ಇದೆಯಾ ನೋಡಿ. ಕೋನವನ್ನು ದಿಕ್ಸೂಚಿ ಇಟ್ಟು ಅಳೆದಿದ್ದರೆ ಅದು ಅಯಸ್ಕಾಂತದ ಉತ್ತರ, ನಿಜವಾದದ್ದಲ್ಲ. ಆ ವ್ಯತ್ಯಾಸ ಕಳೆದೋ ಕೂಡಿಸಿಯೋ ತಗೊಳ್ಳಿ.

ನಾರ್ತ್ ಆಕ್ಸಿಸ್‌ನಲ್ಲಿ 25 ಹಾಕುವ ಮುಂಚೆ ಒಂದು ಸಲ 90 ಹಾಕಿ ಓಡಿಸಿ. ಗಾಳಿ ಒಂದೇ ಕಡೆಯಿಂದ ಬೀಸುವ ಗಂಟೆಯೊಂದನ್ನು ಆರಿಸಿ, ಪ್ರತಿ ಗೋಡೆಯ ಒತ್ತಡ ಹೊರತೆಗೆಯಿರಿ. ಹವಾಮಾನದ ಕಡತದಲ್ಲಿ 270 ಅಂದರೆ ಗಾಳಿ ಪಶ್ಚಿಮದಿಂದ ಬರುತ್ತಿದೆ ಅಂತ, ಪಶ್ಚಿಮಕ್ಕೆ ಹೋಗುತ್ತಿದೆ ಅಂತಲ್ಲ. ಆಗ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲೇ ಒತ್ತಡ ಎಲ್ಲಕ್ಕಿಂತ ಜಾಸ್ತಿ ಬರಬೇಕು. ಆಮೇಲೆ 25 ಹಾಕಿ, ಉದ್ದನೆ ಅಕ್ಷದ ಖಾನೆಯನ್ನೂ ಮರೆಯದೆ ತಿದ್ದಿ. ಆ ತಪ್ಪನ್ನು ಈ ಪರೀಕ್ಷೆಯೊಂದೇ ಹಿಡಿದುಕೊಡಲ್ಲ.